ಖಂಡೆ ಪೂಜೆಗೆ ಕೂತ ಡಿಸ್ಕು

ಉಮರಗಾದ ಆಸ್ಪತ್ರೆಯ ಮೇಲೆ ಜನ ಬಿದ್ದಾಗ ನಾನು ಮೊದಲ ಮಹಡಿಯ ಸರ್ವರ್ ಕೋಣೆಯಲ್ಲಿ ನೆಲದ ಮೇಲೆ ಕೂತು ಕೇಬಲ್ಲುಗಳಿಗೆ ಚೀಟಿ ಅಂಟಿಸುತ್ತಿದ್ದೆ. ಬೆಳಗಿನ ಹನ್ನೊಂದರ ಹೊತ್ತು. ಕೆಳಗೆ ಗಾಜಿನ ಬಾಗಿಲು ಒಡೆದ ಸದ್ದಾಯಿತು. ಯಾರೋ ಸ್ಟ್ರೆಚರ್ ಗುದ್ದಿಸಿರಬೇಕು ಎಂದುಕೊಂಡು ಇನ್ನೊಂದು ಚೀಟಿ ಅಂಟಿಸಿದೆ. ಆಮೇಲೆ ಎರಡನೇ ಗಾಜು, ಮೂರನೇ ಗಾಜು, ಹೆಂಗಸರ ಕಿರುಚಾಟ, ಮೆಟ್ಟಿಲ ಮೇಲೆ ಓಡಿ ಬರುವ ಕಾಲುಗಳು.

"ಸಿಸ್ಟರ್ ಕುಠೆ ಆಹೆ? ಬಾಹೇರ್ ಕಾಢಾ ತಿಲಾ."

ಸಿಸ್ಟರ್ ಎಲ್ಲಿ, ಅವಳನ್ನು ಹೊರಗೆ ಎಳೀರಿ ಎಂದು ಮರಾಠಿಯಲ್ಲಿ ಕೂಗುತ್ತಿದ್ದರು. ಹಿಂದಿನ ರಾತ್ರಿ ಹಾವು ಕಚ್ಚಿದ ಒಬ್ಬ ರೈತನನ್ನು ತಂದು ಸೇರಿಸಿದ್ದರು, ಬೆಳಗಿನ ಜಾವ ಅವನು ತೀರಿಕೊಂಡಿದ್ದ. ರಾತ್ರಿ ಪಾಳಿಯ ನರ್ಸು ನಿದ್ದೆ ಮಾಡಿದಳು, ಎಬ್ಬಿಸಿದ ಮೇಲೆ ಬಂದು ತಪ್ಪು ಸೂಜಿ ಚುಚ್ಚಿದಳು, ಅದಕ್ಕೇ ಸತ್ತ ಎಂದು ಸತ್ತವನ ಅಣ್ಣ ಊರಲ್ಲೆಲ್ಲ ಹೇಳಿ ಟೆಂಪೊ ತುಂಬ ಜನರನ್ನು ಕರೆತಂದಿದ್ದ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆ ಕ್ಷಣಕ್ಕೆ ನನ್ನ ತಲೆಯಲ್ಲಿದ್ದದ್ದು ಒಂದೇ: ಈ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲ.

ಕೋಣೆಯಲ್ಲಿ ಏನಿತ್ತು ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಈ ಆಸ್ಪತ್ರೆಗೆ ಉಮರಗಾ, ನಿಲಂಗಾ, ಉದಗೀರ ಮೂರೂ ಕಡೆ ಕಟ್ಟಡಗಳಿದ್ದವು, ಮೂರರ ಕಂಪ್ಯೂಟರುಗಳೂ ನನ್ನ ಕೊರಳಿಗೇ ಬಿದ್ದಿದ್ದವು. ರೋಗಿಗಳ ದಾಖಲೆ, ಲ್ಯಾಬು, ಎಕ್ಸ್‌ರೇ, ಹಾಜರಿ ಎಲ್ಲಕ್ಕೂ ಬೇರೆ ಬೇರೆ ಸರ್ವರ್ ಇದ್ದಂತೆ ಕಾಣುತ್ತದೆ. ನಿಜಕ್ಕೂ ಇದ್ದದ್ದು ಒಂದೇ ಕಬ್ಬಿಣದ ಪೆಟ್ಟಿಗೆ. ಅದನ್ನು ನಾವು ಹೋಸ್ಟ್ ಎನ್ನುತ್ತೇವೆ. ಒಂದು ವಾಡೆಯಲ್ಲಿ ಆರು ಬಿಡಾರ ಇದ್ದ ಹಾಗೆ ಅದರೊಳಗೆ ಆರು ವರ್ಚುವಲ್ ಮಷಿನ್‌ಗಳು. ವಾಡೆ ಕುಸಿದರೆ ಆರೂ ಬಿಡಾರ ಬೀದಿಪಾಲು.

ಅದಕ್ಕೇ ಬೇರೊಂದು ಕಂಪನಿಯ ಬ್ಯಾಕಪ್ ಸಾಫ್ಟ್‌ವೇರ್ ಹಾಕಿದ್ದೆ. ಗಂಟೆಗೊಮ್ಮೆ ಅದು ಹೋಸ್ಟಿಗೆ ಹೇಳಿ ಪ್ರತಿ ಮಷಿನ್ ಆ ಕ್ಷಣಕ್ಕೆ ಇದ್ದ ಸ್ಥಿತಿಯ ಸ್ನ್ಯಾಪ್‌ಶಾಟ್ ತೆಗೆಸುತ್ತದೆ, ಹಿಂದಿನ ಸಲಕ್ಕಿಂತ ಬದಲಾದ ಭಾಗವನ್ನಷ್ಟೇ ಓದಿ ಪಕ್ಕದ ಸ್ಟೋರೇಜ್ ಪೆಟ್ಟಿಗೆಗೆ ಬರೆಯುತ್ತದೆ, ಸ್ನ್ಯಾಪ್‌ಶಾಟ್ ಅಳಿಸಿ ಸುಮ್ಮನಾಗುತ್ತದೆ. ಎರಡನೇ ಪ್ರತಿ ಇಂಟರ್ನೆಟ್ ಲೈನಿನ ಮೇಲೆ ಉದಗೀರಕ್ಕೆ. ಮೂರನೆಯದು ಬೆಳಿಗ್ಗೆ ಏಳಕ್ಕೆ ಒಂದು ಹೊರಗಿನ ಡಿಸ್ಕಿಗೆ. ಅಂಥ ಡಿಸ್ಕು ಎರಡಿದ್ದವು, ಒಂದಕ್ಕೆ ಕೆಂಪು ಟೇಪು, ಇನ್ನೊಂದಕ್ಕೆ ನೀಲಿ. ಎಂಟಕ್ಕೆ ಬರೆದು ಮುಗಿದ ಡಿಸ್ಕನ್ನು ಬಿಚ್ಚಿ ದಾಖಲೆ ಕೋಣೆಯ ಕಬ್ಬಿಣದ ಕಪಾಟಿನಲ್ಲಿಡಬೇಕು, ಇನ್ನೊಂದನ್ನು ಹಚ್ಚಬೇಕು. ಮೂರೂರು ಸುತ್ತುವ ನನ್ನಿಂದ ದಿನಾ ಇದಾಗದು. ಹಾಗಾಗಿ ಆ ಕೆಲಸ ಜನರೇಟರ್ ಮಾಮಾನದಾಗಿತ್ತು.

ಮಾಮಾ ಮಾಕಣಿ ಕಡೆಯ ಕುರಿಗಾರ ಮನೆತನದವನು, ಬಿರಪ್ಪನ ಭಕ್ತ. ಆಸ್ಪತ್ರೆಯ ಹಿಂದಿನ ಜನರೇಟರ್ ಶೆಡ್ಡೇ ಅವನ ಮನೆ. ಗೋಡೆಯ ಹಲಗೆಯ ಮೇಲೆ ಬಿರಪ್ಪನ ಫೋಟೊ, ದೀಪ, ಭಂಡಾರದ ಡಬ್ಬಿ. ಭಂಡಾರವೆಂದರೆ ದೇವರ ಅರಿಶಿನ ಪುಡಿ. ಮಾಮಾನ ಕೈಗೆ ಆ ಡಬ್ಬಿ ಸಿಕ್ಕರೆ ಜನರೇಟರಿಗೂ ಬಿತ್ತು, ನಟ್ಟು ತಿರುಗಿಸುವ ಪಾನಾಗೂ ಬಿತ್ತು, ಡೀಸೆಲ್ ಕ್ಯಾನಿಗೂ ಬಿತ್ತು.

ಒಂದೂಕಾಲು ತಿಂಗಳ ಹಿಂದೆ, ಎತ್ತುಗಳಿಗೆ ಪೂಜೆ ಮಾಡುವ ಪೋಳಾ ಅಮಾವಾಸ್ಯೆಯ ಮಾರನೇ ದಿನ, ಕೆಂಪು ಡಿಸ್ಕು ಓದಲು ತಕರಾರು ಮಾಡಿತು. ನೋಡಿದರೆ ಕೇಬಲ್ ಚುಚ್ಚುವ ಬಾಯಿಯ ತುಂಬ ಅರಿಶಿನ.

"ಎತ್ತಿಗಿ ಹಚ್ಚಿದ್ನಿರಿ ಬಾಯಾರ," ಎಂದ ಮಾಮಾ. "ಇದೂ ದುಡೀತದಲ್ರಿ, ಅದಕ್ಕ ಇದಕ್ಕೂ ಹಚ್ಚಿದ್ನಿ." ಮೇಡಂ ಎನ್ನುವ ಬದಲು ಅವನು ನನ್ನನ್ನು ಬಾಯಾರ ಎನ್ನುತ್ತಿದ್ದ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕಾಸಾರಶಿರಸಿಯ ನಮ್ಮ ಬಟ್ಟೆ ಅಂಗಡಿಯಲ್ಲಿ ಅಪ್ಪ ನನ್ನನ್ನು ಗಲ್ಲಾಪೆಟ್ಟಿಗೆಯ ಹತ್ತಿರ ಕೂರಿಸುತ್ತಿರಲಿಲ್ಲ, ಗಿರಾಕಿ ಓಡಿಹೋಗುತ್ತಾರೆ ಎಂದು. ಅವತ್ತು ಚೀಟಿ ಮಾಡಿಸಲು ನಿಂತ ರೋಗಿಗಳ ಸಾಲಿನ ಮುಂದೆಯೇ ಮಾಮಾನಿಗೆ ಬಾಯಿಗೆ ಬಂದಂತೆ ಅಂದೆ. "ಇನ್ನೊಮ್ಮಿ ಇದಕ್ಕ ಭಂಡಾರ ಹಚ್ಚಿದ್ರ ಅವತ್ತೇ ನಿನ್ನ ಮನಿಗಿ ಕಳಸ್ತೀನಿ ನೋಡು ಮಾಮಾ. ದೊಡ್ಡ ಡಾಕ್ಟರು ಹೇಳಿದ್ರೂ ಕೇಳಂಗಿಲ್ಲ."

"ಆತ್ರಿ ಬಾಯಾರ," ಎಂದ, ಅಷ್ಟೇ.

ನನ್ನ ತಪ್ಪೂ ಒಂದಿತ್ತು. ರಸ್ತೆ ಅಗೆಯುವಾಗ ಉದಗೀರದ ಲೈನು ಕತ್ತರಿಸಿ ಹೋಗಿ ಒಂಬತ್ತು ದಿನವಾಗಿತ್ತು. ದಿನಾ ಬೆಳಿಗ್ಗೆ ಸಾಫ್ಟ್‌ವೇರಿನಿಂದ ಕೆಂಪು ಅಕ್ಷರದ ಮೇಲ್ ಬರುತ್ತಿತ್ತು, ಪ್ರತಿ ಕಳಿಸಲು ಆಗಲಿಲ್ಲ ಎಂದು. ಲೈನಿನವರು ಇವತ್ತು ನಾಳೆ ಎನ್ನುತ್ತಿದ್ದರು. ನಾಲ್ಕನೇ ದಿನ ನನಗೆ ಬೇಸರ ಬಂದು ಆ ಮೇಲ್‌ಗಳನ್ನು ಸದ್ದು ಮಾಡದ ಒಂದು ಫೋಲ್ಡರಿಗೆ ತಳ್ಳಿಬಿಟ್ಟೆ. ನವರಾತ್ರಿ ಮುಗಿಯುತ್ತ ಬರಲಿ, ಡಿಸ್ಕಿನಲ್ಲಿ ತುಂಬಿ ಕೈಯಾರೆ ಒಯ್ದು ಕೊಟ್ಟರಾಯಿತು ಅಂದುಕೊಂಡೆ. ಖಂಡೆ ನವಮಿಯ ಬೆಳಿಗ್ಗೆ ಉಮರಗಾಕ್ಕೆ ಬಂದದ್ದು ಅದಕ್ಕೇ.

ಇನ್ನು ಆ ಹನ್ನೊಂದರ ಹೊತ್ತಿಗೆ ಬರುತ್ತೇನೆ. ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಎರಡು ಒದೆಗೆ ಬಾಗಿಲೂ ನಾನೂ ಒಟ್ಟಿಗೇ ಒಳಗೆ ಬಿದ್ದೆವು. ಒಬ್ಬನ ಕೈಯಲ್ಲಿ ಸಲಾಯಿನ್ ಸ್ಟ್ಯಾಂಡು, ಇನ್ನೊಬ್ಬನ ಕೈಯಲ್ಲಿ ಕಬ್ಬಿಣದ ಸಲಾಕೆ. ಇದು ನರ್ಸಿನ ಕೋಣೆ ಅಲ್ಲ ಎಂದು ಕೂಗಿದೆ. ಸಲಾಕೆಯವನು ನನ್ನ ಜುಟ್ಟು ಹಿಡಿದು ಗೋಡೆಗೆ ಬಡಿದ. ನರ್ಸು ಇಲ್ಲಿಲ್ಲ ಎಂದು ಅವನಿಗೂ ಕಾಣುತ್ತಿತ್ತು, ಆದರೆ ಒಡೆಯಲು ಏನೋ ಒಂದು ಬೇಕಾಗಿತ್ತು. ರ್‍ಯಾಕಿಗೆ ನಾಲ್ವರು ಕೈಹಾಕಿ ಉರುಳಿಸಿದರು. ಹೋಸ್ಟನ್ನು ಎಳೆದು ಕಿಟಕಿಯಿಂದ ಹೊರಗೆಸೆದರು, ಅದು ಕೆಳಗಿನ ಫರಸಿಕಲ್ಲಿನ ಮೇಲೆ ಬಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಸ್ಟೋರೇಜ್ ಪೆಟ್ಟಿಗೆಯ ಮೇಲೆ ಒಬ್ಬ ಹತ್ತಿ ನಿಂತು ಸಲಾಕೆಯಿಂದ ಚುಚ್ಚಿ ಚುಚ್ಚಿ ಹಾಕಿದ. ಅದಕ್ಕೆ ಹಚ್ಚಿದ್ದ ನೀಲಿ ಟೇಪಿನ ಡಿಸ್ಕು ಅವನ ಬೂಟಿನ ಕೆಳಗೆ ಮುರಿಯಿತು. ನಾನು ಅವನ ಕಾಲು ಕಚ್ಚಿದೆ. ಹೌದು, ಹಲ್ಲು ಇಳಿಯುವಷ್ಟು ಕಚ್ಚಿದೆ. ಅವನು ಬಾಯಿಗೇ ಒದ್ದ.

ನರ್ಸನ್ನು ಬಟ್ಟೆಗಳ ಕೋಣೆಯಿಂದ ಹಿಡಿದೆಳೆದು ತಂದರು. ಮಾಮಾ ಮೆಟ್ಟಿಲ ಬುಡದಲ್ಲಿ ಕೋಲು ಅಡ್ಡ ಹಿಡಿದು ನಿಂತಿದ್ದನಂತೆ. ಅವನ ಬಲಗೈ ಮುರಿದರು. ಆಕೆಯ ತಲೆ ಒಡೆದರು. ದಾಖಲೆ ಕೋಣೆಯ ಕಪಾಟನ್ನು ಮೀಟಿ ತೆಗೆದು ಕಾಗದಕ್ಕೆ ಬೆಂಕಿಯಿಟ್ಟರು. ಪೊಲೀಸರ ಗಾಡಿ ಬರುವ ಹೊತ್ತಿಗೆ ಅರ್ಧ ಗಂಟೆ ಆಗಿತ್ತು. ಜನ ಹೆಣ ಹೊತ್ತುಕೊಂಡು ಠಾಣೆಯ ಅಂಗಳಕ್ಕೆ ಹೋದರು.

ನರ್ಸನ್ನು ಸರ್ಕಾರಿ ದವಾಖಾನೆಗೆ ಸಾಗಿಸುವಾಗ ನಾನು ಸ್ಟ್ರೆಚರಿನ ಪಕ್ಕ ನಡೆದೆ. ಲೋಹಾರಾದ ಹುಡುಗಿ, ನನಗಿಂತ ಐದಾರು ವರ್ಷ ಸಣ್ಣವಳು. ಬ್ಯಾಂಡೇಜಿನ ಬಟ್ಟೆ ಆಗಲೇ ಕೆಂಪಾಗಿತ್ತು. ಪಕ್ಕದಲ್ಲಿ ಮಹಿಳಾ ಕಾನ್‌ಸ್ಟೇಬಲ್. ಆಕೆ ಇವಳನ್ನು ಕಾಪಾಡಲಿಕ್ಕೋ ಓಡಿಹೋಗದಂತೆ ಕಾಯಲಿಕ್ಕೋ ಎಂದು ತಿಳಿಯುವಂತಿರಲಿಲ್ಲ.

"ಅಕ್ಕಾ, ನಾ ಎಲ್ಲಾ ಕಂಪ್ಯೂಟರದಾಗ ಬರದೀನಿ," ಎಂದಳು. "ಎಷ್ಟಕ್ಕ ತಂದ್ರು, ಎಷ್ಟಕ್ಕ ಸೂಜಿ ಕೊಟ್ಟೆ, ಎಲ್ಲಾ ಬರದೀನಿ. ಅವರಣ್ಣನ ಸಹಿ ಕಾಗದಾನೂ ಸ್ಕ್ಯಾನ್ ಮಾಡೀನಿ. ಅದು ಅದಲಾ?"

"ಅದ," ಎಂದೆ. "ನೀ ಚಿಂತಿ ಮಾಡಬ್ಯಾಡ."

ಅಷ್ಟು ದೊಡ್ಡ ಸುಳ್ಳನ್ನು ನಾನು ಯಾವತ್ತೂ ಹೇಳಿರಲಿಲ್ಲ.

ಆಸ್ಪತ್ರೆಯ ಯಜಮಾನರಾದ ದೊಡ್ಡ ಡಾಕ್ಟರು ಒಡೆದ ಗಾಜಿನ ನಡುವೆ ಒಂದು ಸ್ಟೂಲಿನ ಮೇಲೆ ಕೂತಿದ್ದರು. ಹಣೆಯ ವಿಭೂತಿ ಬೆವರಿಗೆ ಇಳಿದಿತ್ತು. "ಠಾಣೆದ ಫೌಜದಾರ್ ಸಾಹೇಬ್ರು ಸಂಜಿ ಆರರತನಾ ಟೈಮ್ ಕೊಟ್ಟಾರ, ತಂಗಿ. ಹೆಣಾ ಇಟ್ಕೊಂಡು ಕುಂತಾರ, ಈಕಿ ಹೆಸರು ಬರಕೊಳ್ಳೂತನಾ ಏಳಂಗಿಲ್ಲ ಅಂತಾರ. ಡ್ಯೂಟಿ ಡಾಕ್ಟರ್ ಎಷ್ಟ ಹೇಳಿದ್ರೂ ಕೇಳವಲ್ರು, ನೀವು ನೀವು ಒಂದೇ ಅಂತಾರ. ದಾಖಲಿ ತೋರಸ್ಲಿಕ್ಕ ಆದ್ರ ಸರಿ. ಇಲ್ಲಾಂದ್ರ ಗುನ್ಹಾ ದಾಖಲ್, ದವಾಖಾನಿಂದ ಹಂಗೇ ಲಾಕಪ್ಪಿಗಿ."

ಹೋಸ್ಟು ಹೋಯಿತು, ಸ್ಟೋರೇಜು ಹೋಯಿತು, ನೀಲಿ ಡಿಸ್ಕು ಹೋಯಿತು. ಉದಗೀರದಲ್ಲಿದ್ದದ್ದು ಒಂಬತ್ತು ದಿನ ಹಳೆಯದು, ಈ ರಾತ್ರಿಯ ಒಂದಕ್ಷರವೂ ಅದರಲ್ಲಿರಲಿಲ್ಲ. ಉಳಿದದ್ದು ಬೆಳಿಗ್ಗೆ ಏಳಕ್ಕೆ ಬರೆಸಿಕೊಂಡು ಎಂಟಕ್ಕೆ ಬಿಚ್ಚಿದ ಕೆಂಪು ಡಿಸ್ಕು. ದಾಖಲೆ ಕೋಣೆಗೆ ಓಡಿದೆ. ನೀರು ಹೊಯ್ದು ಬೆಂಕಿ ಆರಿಸಿದ್ದರು. ಕಪಾಟಿನ ಮೂರೂ ಅರೆಗಳ ಬೂದಿಯನ್ನು ಕೈಯಿಂದಲೇ ಜಾಲಾಡಿದೆ. ಡಿಸ್ಕು ಸುಟ್ಟರೂ ಅದರ ಲೋಹದ ಹೊಟ್ಟೆ ಉಳಿಯಬೇಕು. ಅರ್ಧ ಗಂಟೆ ಹುಡುಕಿದರೂ ಸ್ಟೇಪ್ಲರು ಸಿಕ್ಕಿತು, ಬೀಗ ಸಿಕ್ಕಿತು, ಡಿಸ್ಕು ಸಿಗಲಿಲ್ಲ.

ಮಾಮಾ ಹಿತ್ತಲಿನಲ್ಲಿ ಜನರೇಟರಿನ ಪಕ್ಕ ಕೂತಿದ್ದ. ಬಲಗೈಯನ್ನು ಯಾರೋ ಟವೆಲ್ಲಿನಿಂದ ಕುತ್ತಿಗೆಗೆ ಕಟ್ಟಿದ್ದರು. ಸುತ್ತ ವಾರ್ಡಿನ ಆಯಾಗಳು, ಒಬ್ಬ ಪೊಲೀಸು, ಆಂಬುಲೆನ್ಸಿನ ಡ್ರೈವರ್.

"ಮಾಮಾ, ಕೆಂಪು ಡಿಸ್ಕ ಎಲ್ಲಿ?"

"ಕಪಾಟದಾಗ ಇಟ್ಟೀನ್ರಿ ಬಾಯಾರ."

"ಕಪಾಟ ನೋಡೇ ಬಂದೀನಿ. ಎಲ್ಲಿ?"

ಅವನು ನೆಲ ನೋಡಿದ. "ಅಲ್ಲೇ ಇಟ್ಟಿದ್ನಿ ನೋಡ್ರಿ."

"ಸುಳ್ಳ ಹೇಳಬ್ಯಾಡ. ಯಾರಿಗಿ ಕೊಟ್ಟಿ? ಅವರ ಕೈಯಾಗ ಕೊಟ್ಟೇನು?"

ನಾನು ಕಪಾಳಕ್ಕೆ ಬಾರಿಸಿದೆ. ಒಂದಲ್ಲ, ಎರಡು. ಎರಡನೆಯದಕ್ಕೆ ಅವನ ರುಮಾಲು ತಲೆಯಿಂದ ಹಾರಿ ಡೀಸೆಲ್ ಚೆಲ್ಲಿದ್ದ ನೆಲದ ಮೇಲೆ ಬಿತ್ತು. ನನ್ನ ಅಪ್ಪನ ವಯಸ್ಸಿನ ಮನುಷ್ಯ. ನಮ್ಮ ಕಡೆ ಹಿರಿಯರ ರುಮಾಲು ಬೀಳಿಸುವುದೆಂದರೆ ಏನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪೊಲೀಸು ಕೂಡ ಮುಖ ತಿರುಗಿಸಿದ.

ಮಾಮಾ ಎಡಗೈಯಿಂದ ರುಮಾಲು ಎತ್ತಿಕೊಂಡು ಝಾಡಿಸಿದ. ಎದ್ದು ಶೆಡ್ಡಿನೊಳಗೆ ಹೋದ. ಬರುವಾಗ ಅವನ ಕೈಯಲ್ಲಿ ಹೊಸ ಖಣದ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟಿತ್ತು. ಬಿಚ್ಚಿದರೆ ಕೆಂಪು ಟೇಪು ಕಾಣದಷ್ಟು ಅರಿಶಿನ ಮೆತ್ತಿದ ಡಿಸ್ಕು, ಮೇಲೊಂದು ಚೆಂಡು ಹೂವು.

ಖಂಡೆ ನವಮಿ. ಖಂಡೆಯೆಂದರೆ ಆಯುಧ; ದುಡಿಯುವ ಉಪಕರಣಗಳನ್ನೆಲ್ಲ ತೊಳೆದು ದೇವರ ಮುಂದಿಟ್ಟು ಪೂಜೆ ಮಾಡುವ ದಿನ. ಇಟ್ಟ ಹತ್ಯಾರವನ್ನು ಆ ದಿನ ಮುಟ್ಟುವಂತಿಲ್ಲ. ಬೆಳಿಗ್ಗೆ ಎಂಟಕ್ಕೆ ಡಿಸ್ಕು ಬಿಚ್ಚಿದ ಮಾಮಾ ಕಪಾಟಿಗೆ ಹೋಗದೆ ಪಾನಾ, ಇಕ್ಕಳದ ಜೊತೆ ಅದನ್ನೂ ಬಿರಪ್ಪನ ಮುಂದೆ ಕೂರಿಸಿದ್ದ.

"ಭಂಡಾರ ಹಚ್ಚಿದ್ರ ಮನಿಗಿ ಕಳಸ್ತೀನಿ ಅಂದಿದ್ರಿ," ಎಂದ ಮಾಮಾ. "ಅದಕ್ಕ ಹೇಳಲಿಲ್ಲ."

ನಿಂತು ಮಾತಾಡುವ ಹೊತ್ತು ಇರಲಿಲ್ಲ, ಗಂಟೆ ಒಂದೂಕಾಲು. ನಿಲಂಗಾದ ಆಸ್ಪತ್ರೆಯಲ್ಲಿ ಹಳೆಯದೊಂದು ಹೋಸ್ಟು ಖಾಲಿ ಬಿದ್ದಿತ್ತು. ಉದಗೀರದ್ದು ಇದಕ್ಕಿಂತ ಒಳ್ಳೆಯದು, ಆದರೆ ದೂರ. ದೊಡ್ಡ ಡಾಕ್ಟರಿಗೆ ನಿಲಂಗಾ ಎಂದೆ. "ಮಾಮಾನ್ನೂ ಕರ್ಕೊಂಡು ಹೋಗು, ಕೈಗಿ ಅಲ್ಲೇ ಪ್ಲಾಸ್ಟರ್ ಹಾಕಸು, ಇಲ್ಲೇನೂ ಉಳದಿಲ್ಲ," ಎಂದರು. ಹೀಗೆ ನಾನೂ ಮಾಮಾನೂ ಆಂಬುಲೆನ್ಸಿನಲ್ಲಿ ಎದುರಾಬದುರು ಕೂತೆವು. ಡಾಕ್ಟರ ಮೇಜಿನ ಕೆಳಗಿದ್ದದ್ದರಿಂದ ಬಚಾವಾದ ನನ್ನ ಲ್ಯಾಪ್‌ಟಾಪ್ ಹೆಗಲಿಗೆ, ಡಿಸ್ಕು ಮಡಿಲಲ್ಲಿ.

ಮಾಮಾ ಕಿಟಕಿಯ ಹೊರಗೇ ನೋಡುತ್ತಿದ್ದ. ಮಾತಾಡಿದ್ದು ಡ್ರೈವರ್. ಆ ಜನ ಶೆಡ್ಡಿಗೂ ನುಗ್ಗಿದ್ದರಂತೆ, ಜನರೇಟರ್ ಒಡೆಯಲು. ಒಳಗೆ ದೀಪ, ಹೂವು, ಸಾಲಾಗಿ ಪೂಜೆಗೆ ಕೂತ ಹತ್ಯಾರ ನೋಡಿ ಸಲಾಕೆಯವನೇ ಬೂಟು ಕಳಚಿ ಕೈಮುಗಿದು, ಬಾಗಿಲು ಎಳೆದುಕೊಂಡು ಹೊರಗೆ ಬಂದನಂತೆ. ಅಲ್ಲಿಂದ ಹೋಗಿ ನರ್ಸಿನ ತಲೆ ಒಡೆದ.

ಕಾಸಾರಶಿರಸಿ ಇನ್ನೂ ಮುಂದಿತ್ತು, ಒಂದು ಹಳ್ಳಿಗೆ ದಾರಿ ಒಡೆಯುವ ಫಾಟಾದಲ್ಲಿ ಏಳೆಂಟು ಹುಡುಗರು ರಸ್ತೆಗೆ ಕಲ್ಲಿಟ್ಟು ನಿಂತಿದ್ದರು. ಅದೇ ಗುಂಪಿನವರು. ನರ್ಸನ್ನು ಬೇರೆ ಊರಿಗೆ ಸಾಗಿಸುತ್ತಿದ್ದಾರೆ ಎಂದು ಯಾರೋ ಫೋನು ಮಾಡಿದ್ದರು. ಹಿಂದಿನ ಬಾಗಿಲು ತೆಗೆಸಿದರು. ಒಬ್ಬ ಒಳಗೆ ಹತ್ತಿ ನನ್ನ ಗಲ್ಲ ಹಿಡಿದು ಮುಖ ತಿರುಗಿಸಿ ನೋಡಿದ, ಇವಳಲ್ಲ ಎಂದ. ಆಮೇಲೆ ನನ್ನ ಮಡಿಲಿನ ಗಂಟಿಗೆ ಕೈಹಾಕಿದ. ನಾನು ಬಿಡಲಿಲ್ಲ. ಅವನು ಕೈ ಎತ್ತಿದ.

"ಏ ತಮ್ಮಾ," ಎಂದ ಮಾಮಾ, ಕೂತಲ್ಲಿಂದಲೇ. "ಬಿರಪ್ಪನ ಮುಂದಿನ ಖಂಡೆ ಅದು. ಇವತ್ತ ಅದಕ್ಕ ಕೈ ಹಚ್ಚಬ್ಯಾಡ."

ಖಣದ ಅಂಚಿನಿಂದ ಭಂಡಾರ ನನ್ನ ಸೀರೆಯ ಮೇಲೆಲ್ಲ ಉದುರಿತ್ತು. ಹುಡುಗ ನೋಡಿದ, ಕೈ ಇಳಿಸಿದ, ಕೆಳಗೆ ಜಿಗಿದ. ಗಾಡಿ ಮುಂದೆ ಹೋದ ಮೇಲೆ ಯಾರೋ ಒಂದು ಕಲ್ಲು ಬೀಸಿದರು, ಹಿಂದಿನ ಗಾಜು ಪುಡಿಯಾಗಿ ನಮ್ಮಿಬ್ಬರ ತಲೆಯ ಮೇಲೂ ಬಿತ್ತು. ಮಾಮಾ ಎಡಗೈಯಿಂದ ರುಮಾಲು ತೆಗೆದು ಗಾಜು ಝಾಡಿಸಿಕೊಂಡ. ನನಗೆ ಅತ್ತ ನೋಡಲಾಗಲಿಲ್ಲ.

ನಿಲಂಗಾ ಮುಟ್ಟಿದಾಗ ಎರಡೂ ಮುಕ್ಕಾಲು. ಮಾಮಾನನ್ನು ಪ್ಲಾಸ್ಟರಿಗೆ ಒಪ್ಪಿಸಿ ನಾನು ಸರ್ವರ್ ಕೋಣೆ ಸೇರಿದೆ. ಹಲ್ಲುಜ್ಜುವ ಹೊಸ ಬ್ರಷ್ಷು, ಸ್ಪಿರಿಟ್ ತರಿಸಿ ಡಿಸ್ಕಿನ ಬಾಯಿಯ ಅರಿಶಿನ ತೆಗೆದೆ. ಕೇಬಲ್ ಚುಚ್ಚಿದರೆ ಕಾಣಲಿಲ್ಲ. ಮತ್ತೆ ಉಜ್ಜಿದೆ. ಮೂರನೇ ಸಲಕ್ಕೆ ಲ್ಯಾಪ್‌ಟಾಪಿನಲ್ಲಿ ಬಂತು, ಆದರೆ ಒಳಗಿನಿಂದ ಟಕ್ ಟಕ್ ಸದ್ದು ಬೇರೆ. ಆ ಸದ್ದು ಈ ಕೆಲಸದವರಿಗೆಲ್ಲ ಗೊತ್ತು. ಡಿಸ್ಕು ಸಾಯುವ ಮುಂಚೆ ಹಾಗೆ ಮಾಡುತ್ತದೆ, ಕೆಲವೊಮ್ಮೆ ಹಾಗೇ ವರ್ಷಗಟ್ಟಲೆ ಬದುಕುವುದೂ ಉಂಟು.

ಬ್ಯಾಕಪ್ ಸಾಫ್ಟ್‌ವೇರಿನಲ್ಲಿ ಒಂದು ಸೌಲಭ್ಯವಿದೆ. ಪ್ರತಿಯನ್ನು ಎಲ್ಲೂ ಇಳಿಸದೆ ಡಿಸ್ಕಿನಿಂದಲೇ ನೇರವಾಗಿ ಮಷಿನ್ ಚಾಲೂ ಮಾಡಬಹುದು. ಹತ್ತು ನಿಮಿಷದ ಕೆಲಸ. ಆದರೆ ಹಾಗೆ ಓಡಿಸಿದರೆ ಡಿಸ್ಕಿನ ಮೇಲೆ ಒಂದೇ ಸಮನೆ ಹೊಡೆತ, ನಡುವೆ ನಿಂತರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮೊದಲು ಇಡೀ ಡಿಸ್ಕು ನಕಲು ಮಾಡಿಕೊಳ್ಳುವುದು ಕ್ರಮ, ಅದಕ್ಕೆ ನಾಲ್ಕೂವರೆ ಗಂಟೆ ಬೇಕು. ಫೌಜದಾರರ ಆರು ಗಂಟೆ ದಾಟಿಹೋಗುತ್ತದೆ.

ಪ್ರತಿ ಮಷಿನಿಗೂ ಬೇರೆ ಬೇರೆ ಫೈಲಾಗಿ ಬರೆಯುವಂತೆ ಮೊದಲೇ ಇಟ್ಟಿದ್ದೆ, ಅದೊಂದು ಪುಣ್ಯ. ಹಾಗಾದರೆ ಯಾವುದನ್ನು ಮೊದಲು ಓದಿಸುವುದು? ದೊಡ್ಡ ಡಾಕ್ಟರು ಫೋನಿನಲ್ಲಿ ಒಂದೇ ಮಾತು ಹೇಳುತ್ತಿದ್ದರು. "ಎಕ್ಸ್‌ರೇ ಎಲ್ಲಾ ಅದರಾಗೇ ಅವ ತಂಗಿ, ಹತ್ತು ವರ್ಷದ್ದು. ಮೊದಲ ಅವನ್ನ ಉಳಸು." ಎಕ್ಸ್‌ರೇ ಫೈಲು ಆರರಲ್ಲಿ ಎಲ್ಲಕ್ಕಿಂತ ದೊಡ್ಡದು. ಅದನ್ನು ಓದುವ ಹೊತ್ತಿಗೆ ಡಿಸ್ಕು ಸತ್ತರೆ ಹುಡುಗಿ ಸತ್ತಂತೆ.

ರೋಗಿಗಳ ದಾಖಲೆಯ ಮಷಿನ್ ಒಂದನ್ನೇ ಆರಿಸಿದೆ. ಅದರ ಪೂರ್ತಿ ಪ್ರತಿ, ಅದರ ಮೇಲೆ ಬರೆದ ಬದಲಾವಣೆಗಳ ಸರಪಳಿ, ಅಷ್ಟೇ. ಒಂದು ಕೊಂಡಿ ತಪ್ಪಿದರೂ ಮುಂದಿನದೆಲ್ಲ ದಂಡ. ಡಿಸ್ಕಿಗೆ ಏನೂ ಬರೆಯದಂತೆ ಬಂದೋಬಸ್ತು ಮಾಡಿ, ಓದಲಿಕ್ಕಷ್ಟೇ ತೆರೆದು, ನಕಲಿಗೆ ಹಚ್ಚಿದೆ. ಎಕ್ಸ್‌ರೇ ಹೋದರೆ ಹೋಗಲಿ ಎಂದು ಡಾಕ್ಟರಿಗೆ ಹೇಳಿದೆ. "ಹೂಂ, ಮಾಡು," ಎಂದರು.

ಒಂದು ಗಂಟೆ ನಲವತ್ತು ನಿಮಿಷ ನಾನು ಆ ಟಕ್ ಟಕ್ ಕೇಳುತ್ತ ಕೂತಿದ್ದೆ. ನಡುವೆ ಎರಡು ಸಲ ನಿಂತುಬಿಟ್ಟಿತು. ಎರಡೂ ಸಲ ತಾನಾಗಿಯೇ ಮತ್ತೆ ಶುರುವಾಯಿತು. ಮಾಡಲು ಕೆಲಸವಿಲ್ಲದಾಗ ಮನಸ್ಸು ಸುಮ್ಮನಿರುವುದಿಲ್ಲ. ಆ ಸದ್ದಿಲ್ಲದ ಫೋಲ್ಡರನ್ನು ತೆರೆದು ನೋಡಿದೆ, ಒಂಬತ್ತು ಕೆಂಪು ಮೇಲ್. ನಾನು ಮಾಮಾನ ಕಪಾಳಕ್ಕೆ ಹೊಡೆದದ್ದು ಅವನ ಸುಳ್ಳಿಗಲ್ಲ, ಈ ಒಂಬತ್ತು ಮೇಲಿಗೆ. ತಪ್ಪು ನನ್ನದು, ಪೆಟ್ಟು ಅವನಿಗೆ. ಇದು ನನಗೆ ಆ ಕುರ್ಚಿಯಲ್ಲಿ ಕೂತಾಗ ಸ್ಪಷ್ಟವಾಗಿ ತಿಳಿಯಿತು.

ನಾಲ್ಕೂ ಐವತ್ತಕ್ಕೆ ನಕಲು ಮುಗಿಯಿತು. ಸರಪಳಿ ಪೂರ್ತಿ ಇತ್ತು. ಸಾಫ್ಟ್‌ವೇರಿಗೆ ತೋರಿಸಿ, ಗುಪ್ತಪದ ಕೊಟ್ಟು, ಹಳೆಯ ಹೋಸ್ಟಿನ ಮೇಲೆ ಮಷಿನ್ ಇಳಿಸಿದೆ. ಆ ಹೋಸ್ಟಿನಲ್ಲಿ ಮೆಮೊರಿ ಅರ್ಧವೇ ಇತ್ತು, ಹಾಗಾಗಿ ಮಷಿನಿಗೆ ಕೊಡುವ ಪಾಲನ್ನೂ ಅರ್ಧಕ್ಕಿಳಿಸಿದೆ. ಎತ್ತಿನ ಗಾಡಿಯಂತೆ ತೆವಳಿ ಎದ್ದಿತು. ಆಸ್ಪತ್ರೆಯ ಪ್ರೋಗ್ರಾಮು ತೆರೆದರೆ ತಾರೀಖು ತಪ್ಪಿದೆ, ಒಳಗೆ ಬಿಡುವುದಿಲ್ಲ ಎಂದಿತು. ಹೋಸ್ಟಿನ ಗಡಿಯಾರದ ಸೆಲ್ಲು ಸತ್ತು ಅದು ಎಷ್ಟೋ ವರ್ಷ ಹಿಂದೆಯೇ ಕೂತಿತ್ತು. ಇದು ಹೊಳೆಯಲು ಹನ್ನೆರಡು ನಿಮಿಷ ಹೋಯಿತು. ಗಡಿಯಾರ ಸರಿಮಾಡಿದೆ. ಐದೂ ನಲವತ್ತು.

ಸತ್ತವನ ಹೆಸರು ಒತ್ತಿದೆ. ಬಂತು. ರಾತ್ರಿ ಹತ್ತೂವರೆಗೆ ದಾಖಲು. ಎಂಟೇ ನಿಮಿಷದಲ್ಲಿ ಹಾವಿನ ಮದ್ದು. ಆಮೇಲೆ ಕಾಲು ಗಂಟೆಗೊಮ್ಮೆ ನಾಡಿ, ಉಸಿರು, ಡಾಕ್ಟರು ಬಂದು ನೋಡಿದ ಹೊತ್ತು, ಎರಡನೇ ಸುತ್ತಿನ ಮದ್ದು. ಇಡೀ ರಾತ್ರಿ ಆ ಹುಡುಗಿ ಕೂತ ಹಾಗೇ ಇರಲಿಲ್ಲ. ಮೊದಲ ಸಾಲಿನಲ್ಲಿ ಆಕೆಯೇ ಬರೆದದ್ದಿತ್ತು: ಸಂಜೆ ಐದಕ್ಕೆ ಹೊಲದಲ್ಲಿ ಕಚ್ಚಿದ್ದು, ಮೊದಲು ಮಂತ್ರ ಹಾಕುವವರ ಹತ್ತಿರ ಒಯ್ದದ್ದು, ಅಲ್ಲಿಂದ ಇಲ್ಲಿಗೆ ತಂದದ್ದು, ಹೇಳಿದವನು ಅಣ್ಣ. ಕೆಳಗೆ ಸ್ಕ್ಯಾನ್ ಮಾಡಿದ ಕಾಗದ. ತಡವಾಗಿ ತಂದಿದ್ದೇವೆ, ಜೀವಕ್ಕೆ ಅಪಾಯವಿದೆ ಎಂದು ತಿಳಿಸಿದ್ದಾರೆ ಎಂಬ ಮರಾಠಿ ಸಾಲಿನ ಕೆಳಗೆ ಅಣ್ಣನ ದುಂಡು ಸಹಿ.

ಡಾಕ್ಟರಿಗೆ ಕಳಿಸಿದೆ. ಅವರು ಠಾಣೆಯ ಎದುರಿನ ಅಂಗಡಿಯಲ್ಲಿ ಮುದ್ರಿಸಿಕೊಂಡು ಒಳಗೆ ಹೋದರು. ಫೋನು ಕಟ್ ಮಾಡುವುದು ಮರೆತಿದ್ದರು, ಅಂಗಿಯ ಜೇಬಿನಿಂದ ನನಗೆಲ್ಲ ಕೇಳುತ್ತಿತ್ತು. ಜನರ ಗದ್ದಲ, ಫೌಜದಾರರ ಗದರಿಕೆ. ಆಮೇಲೆ ಫೌಜದಾರರು ಕಾಗದ ಓದತೊಡಗಿದರು. ಗದ್ದಲ ಇಳಿಯಿತು. "ಹೀ ಸಹಿ ತುಝೀಚ್ ನಾ?" ಎಂದು ಕೇಳಿದರು, ಈ ಸಹಿ ನಿನ್ನದೇ ತಾನೇ ಎಂದು. ಆಮೇಲೆ ಒಬ್ಬ ಗಂಡಸು ಅಳುವುದು ಕೇಳಿಸಿತು, ಸತ್ತವನ ಹೆಸರು ಹಿಡಿದು, ತಮ್ಮಾ ತಮ್ಮಾ ಎಂದು. ಅವನು ಆಸ್ಪತ್ರೆ ಒಡೆದದ್ದು ಯಾಕೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಧ್ಯಾಹ್ನ ಮಾಮಾನಿಗೆ ನಾನು ಮಾಡಿದ್ದೂ ಅದೇ.

ಆರೂ ಹತ್ತಕ್ಕೆ ಹೆಣ ಎತ್ತಿದರು. ನರ್ಸಿನ ಹೆಸರು ಪೊಲೀಸರ ಯಾವ ಕಾಗದದಲ್ಲೂ ಬೀಳಲಿಲ್ಲ. ಆಮೇಲೆ ನಾನು ಎಕ್ಸ್‌ರೇ ಫೈಲಿಗೆ ಹೋದೆ. ಮುಕ್ಕಾಲು ಪಾಲು ಬರುವಷ್ಟರಲ್ಲಿ ಡಿಸ್ಕು ಟಕ್ ಎನ್ನುವುದನ್ನೂ ನಿಲ್ಲಿಸಿತು. ಮತ್ತೆ ಏಳಲಿಲ್ಲ.

ಮರುದಿನ ದಸರೆ. ಉಮರಗಾದ ಅಂಗಳದಲ್ಲಿ ಗಾಜು ಗುಡಿಸುತ್ತಿದ್ದರು. ಬನ್ನಿ ಎಲೆ ಹಿಡಿದು ಶೆಡ್ಡಿಗೆ ಹೋದೆ. ಮಾಮಾ ಪ್ಲಾಸ್ಟರ್ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಗೋಡೆಗೆ ಒರಗಿದ್ದ. ತಲೆಗೆ ಬೇರೆ ರುಮಾಲು.

"ಬನ್ನಿ ತಗೋ ಮಾಮಾ, ಬಂಗಾರದಂಗ ಇರೋಣು," ಎಂದು ಕಾಲು ಮುಟ್ಟಿದೆ.

ಎಡಗೈಯಲ್ಲಿ ತೆಗೆದುಕೊಂಡ. ಹಣೆಗೊತ್ತಿಕೊಂಡ.

"ತಪ್ಪಾತು ಮಾಮಾ."

"ಹೊಡದಿದ್ದು ನೋಯಲಿಲ್ರಿ," ಎಂದ. "ಸಲಾಕಿ ಏಟಿನ ಮುಂದ ಅದೇನು. ಆದ್ರ ಖಂಡೆ ಪೂಜಿ ದಿನ ನಮ್ಮಾಗ ಕುರಿ ಉಣ್ಣಿ ಕತ್ತರಿಸೂ ಕತ್ತರಿನೂ ಎತ್ತಂಗಿಲ್ಲ. ನೀವು ಕೈ ಎತ್ತಿದ್ರಿ."

ಹೋಗಲಿ ಬಿಡ್ರಿ ಎಂದು ಅವನು ಹೇಳಲಿಲ್ಲ. ಹೇಳಲಿ ಎಂದು ನಾನು ಕಾದೆ, ಹೇಳಲೇ ಇಲ್ಲ. ಈಗ ಯೋಚಿಸಿದರೆ ಹೇಳದೇ ಇದ್ದದ್ದೇ ಸರಿ ಅನಿಸುತ್ತದೆ.

ಚೀಲದಿಂದ ಹೊಸ ಡಿಸ್ಕು ತೆಗೆದೆ. ಉಳಿದದ್ದನ್ನೆಲ್ಲ ಬೆಳಿಗ್ಗೆ ಅದಕ್ಕೆ ಬರೆಸಿ, ಕೆಂಪು ಟೇಪು ಸುತ್ತಿ ತಂದಿದ್ದೆ. ಎಷ್ಟೋ ವರ್ಷ ಅವನಿಗೆ ಅಲ್ಲಿಡು, ಇಲ್ಲಿಡು, ಹೀಗೆ ಹಿಡಿ ಎಂದು ಹೇಳಿದ್ದೆ, ನಾನಾಗಿ ಒಮ್ಮೆಯೂ ಅವನನ್ನು ಕೇಳಿರಲಿಲ್ಲ.

"ಎಲ್ಲಿ ಇಡಲಿ ಮಾಮಾ?"

ಮಾಮಾ ಡಿಸ್ಕು ನೋಡಿದ, ನನ್ನ ನೋಡಿದ. ಎದ್ದು ಹಲಗೆಯ ಮೇಲಿನ ದೀಪವನ್ನು ಒಂದು ಗೇಣು ಸರಿಸಿ ಜಾಗ ಮಾಡಿದ. ಇಟ್ಟೆ. ಅವನ ಬಲಗೈ ಆಗುವಂತಿರಲಿಲ್ಲ, ಹಾಗಾಗಿ ಭಂಡಾರದ ಡಬ್ಬಿಯನ್ನು ಎಡಗೈಯಲ್ಲಿ ನನ್ನ ಮುಂದೆ ಹಿಡಿದ. ನಾನು ಚಿಟಿಕೆ ತೆಗೆದುಕೊಂಡೆ.

"ಬಾಯಿಗಿ ಹಚ್ಚಬ್ಯಾಡ್ರಿ ಬಾಯಾರ," ಎಂದ. "ಬೆನ್ನಿಗಿ ಹಚ್ರಿ."

ಬೆನ್ನಿಗೇ ಹಚ್ಚಿದೆ.